ಖಾಲಿ ಎಂದು ತೋರಿಸಿದ ಕಾರ್ಡು

ಮದುವೆ ಫೋಟೋ ತೆಗೆಯುವ ಕೆಲಸಕ್ಕೆ ಹೊಸದಾಗಿ ಇಳಿದವರು ಆಗಾಗ ಫೋನ್ ಮಾಡಿ, "ಅಕ್ಕಾ, ಯಾವ ಕಾರ್ಡ್ ರೀಡರ್ ತಗೊಳ್ಳೋದು?" ಎಂದು ಕೇಳುತ್ತಾರೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂದು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸುತ್ತಿದವಳು ನಾನು, ಹಾಗಾಗಿ ನನಗೆ ಎಲ್ಲ ಗೊತ್ತು ಎಂದುಕೊಂಡಿದ್ದಾರೆ. ಕ್ಯಾಮೆರಾ ಕಾರ್ಡಿನಿಂದ ಫೋಟೋ ಇಳಿಸುವ ರೀಡರಿನ ಬಗ್ಗೆ ಗೊತ್ತಿರುವಷ್ಟು ಹೇಳುತ್ತೇನೆ. ಕಾರ್ಡಿನ ಬೆನ್ನ ಮೇಲೆ ಪಿನ್ನು ಎರಡು ಸಾಲು ಇದ್ದರೆ ರೀಡರಿನ ಒಳಗೂ ಎರಡು ಸಾಲು ಇರಬೇಕು, ಇಲ್ಲದಿದ್ದರೆ ವೇಗದ ಕಾರ್ಡು ತಂದದ್ದು ದಂಡ. ವೈರು ಗಿಡ್ಡ ಇರಲಿ. ಲ್ಯಾಪ್‌ಟಾಪಿನ ಹಳೇ ತೂತಿಗೆ ಚುಚ್ಚಿ, ರೀಡರು ನಿಧಾನ ಎಂದು ಬೈಯಬೇಡಿ. ಕಾಪಿ ಮುಗಿದ ಮೇಲೆ ರೀಡರನ್ನು ಮುಟ್ಟಿ ನೋಡಿ. ಬಿಸಿ ಬಿಸಿ ಇದ್ದರೆ, ಅದು ಕಾಪಿ ಮಾಡಿದ್ದನ್ನು ಒಂದೊಂದಾಗಿ ತೆರೆದು ನೋಡದೆ ಜಾಗ ಬಿಟ್ಟು ಏಳಬೇಡಿ.

ಇಷ್ಟು ಹೇಳಿ ಫೋನ್ ಇಡುತ್ತೇನೆ. ಅವರು ಯಾರೂ ಕೇಳದ ಮಾತೊಂದು ಇದೆ, ನಾನೂ ಫೋನಿನಲ್ಲಿ ಹೇಳಿಲ್ಲ. ಇಲ್ಲಿ ಹೇಳುತ್ತೇನೆ.

ನಾನು ಹುಟ್ಟಾ ಪುಕ್ಕಲಿ. ಗ್ಯಾಸ್ ಆಫ್ ಮಾಡಿದ್ದೇನಾ ಎಂದು ಬೀದಿ ತುದಿಯಿಂದ ವಾಪಸ್ ಬರುವವಳು, ಬೀಗ ಹಾಕಿ ಮೂರು ಸಲ ಜಗ್ಗುವವಳು. ದೊಡ್ಡೇರಿಯಲ್ಲಿ ನಮ್ಮಮ್ಮ "ಇದ್ಕೆ ನೆರಳು ಕಂಡ್ರೂ ಭಯ ಕಣಮ್ಮ" ಎಂದು ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು. ಅಂಥವಳು ಮದುವೆಯಾಗಿ ಮಧುಗಿರಿಗೆ ಬಂದು, ಗಂಡನ ಸ್ಟುಡಿಯೋದಲ್ಲಿ ಆಲ್ಬಮ್ಮಿಗೆ ಅಂಟು ಹಚ್ಚುತ್ತಾ ಹಚ್ಚುತ್ತಾ ಕ್ಯಾಮೆರಾ ಕಲಿತೆ. ಕಲಿತದ್ದೇ ತಡ, ಸಿರಾದಿಂದ ಕರೆ ಬರತೊಡಗಿತು. ಅಲ್ಲಿನ ಕೆಲವು ಮುಸ್ಲಿಂ ಮನೆಗಳಲ್ಲಿ ಮದುವೆಯ ದಿನ ಪರದೆಯಾಚೆ ಗಂಡಸರು, ಈಚೆ ಹೆಂಗಸರು. ಈಚೆಗೆ ಗಂಡಸು ಫೋಟೋಗ್ರಾಫರ್ ಕಾಲಿಡುವಂತಿಲ್ಲ. ಆಚೆ ನನ್ನ ಗಂಡ, ಈಚೆ ನಾನು. ಜೋಡಿ ಚೆನ್ನಾಗಿ ಕುದುರಿತು.

ಎಲ್ಲ ಮನೆಗಳಲ್ಲೂ ಒಂದೇ ಕಟ್ಟುಪಾಡು ಇರುವುದಿಲ್ಲ. ನಾನು ಹೇಳುತ್ತಿರುವ ಮನೆಯಲ್ಲಿ, ಅಂಥ ಇನ್ನೂ ಕೆಲವು ಮನೆಗಳಲ್ಲಿದ್ದ ಹಾಗೆ, ಬಿಗಿಯಾದ ಕಟ್ಟಿತ್ತು. ಹೆಣ್ಣುಮಕ್ಕಳ ಫೋಟೋ ನನ್ನ ಲ್ಯಾಪ್‌ಟಾಪಿನಲ್ಲಿ ಉಳಿಯಬಾರದು. ಶಾದಿ ಮಹಲ್ ಬಿಡುವ ಮೊದಲೇ ನನ್ನ ಕಾರ್ಡಿನಿಂದ ನೇರವಾಗಿ ಅವರ ಮನೆಯ ಹಾರ್ಡ್ ಡಿಸ್ಕಿಗೆ ಹೋಗಬೇಕು. ಆಮೇಲೆ ಮದುಮಗಳ ತಾಯಿಯ ಕಣ್ಣೆದುರಿಗೇ ನಾನು ಕಾರ್ಡು ಖಾಲಿ ಮಾಡಿ, ಕ್ಯಾಮೆರಾಕ್ಕೆ ಹಾಕಿ, ಒಂದೂ ಫೋಟೋ ಇಲ್ಲ ಎಂದು ತೋರಿಸಬೇಕು. ಆ ತಾಯಿಯನ್ನು ಅವರ ಮನೆಯ ಹುಡುಗಿಯರ ಹಾಗೆ ನಾನೂ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆ. ಅವರ ದೊಡ್ಡ ಮಗಳ ಮದುವೆಗೂ ನಾನೇ ಹೋಗಿದ್ದೆ. ಅಂದು ಖಾಲಿ ಪರದೆ ನೋಡಿ ಖಾಲಾ ನನ್ನ ಕೆನ್ನೆ ತಟ್ಟಿ, "ಬೇಟಿ, ನೀನಿದ್ರೆ ನಮ್ಮ ಹುಡುಗೀರು ಮನೇಲಿ ಇದ್ದಂಗೆ ಇರ್ತಾರೆ," ಎಂದಿದ್ದರು. ತಲೆಯ ಮೇಲಿನ ದುಪಟ್ಟಾ ಕುರ್ಚಿಗೆ ಹಾಕಿ, ಸಡಿಲವಾಗಿದ್ದ ಜಡೆಯ ಕ್ಲಿಪ್ಪನ್ನು ನನ್ನ ಕೈಯಲ್ಲೇ ಹಾಕಿಸಿಕೊಂಡಿದ್ದರು.

ಆದರೆ ಆ ದೊಡ್ಡ ಮಗಳ ಮದುವೆಯಲ್ಲಿ ನನ್ನ ರೀಡರು ನನ್ನ ಮಾನ ಕಳೆದಿತ್ತು. ಹಳೇದು, ನೀಲಿ ಬಣ್ಣದ್ದು, ಬೆರಳಷ್ಟು ಉದ್ದ. ಸಾವಿರಾರು ಫೋಟೋ ಕಾಪಿಯಾಗಲು ಒಂದೂವರೆ ಗಂಟೆ ತೆಗೆದುಕೊಂಡಿತು. ಮದುಮಗಳನ್ನು ಕಳಿಸಿಕೊಡುವ ಹೊತ್ತು, ಎಲ್ಲರೂ ಬುರ್ಖಾ ಹಾಕಿ ತಯಾರು, ಹೊರಗೆ ಕಾರು ಹಾರ್ನ್ ಹೊಡೆಯುತ್ತಿದೆ, ಒಳಗೆ ಕಾಪಿಯ ಹಸಿರು ಪಟ್ಟಿ ಇರುವೆಯ ಹಾಗೆ ತೆವಳುತ್ತಿದೆ. ಖಾಲಾ ಕದಲುವಂತಿಲ್ಲ, ಖಾಲಾ ಇಲ್ಲದೆ ಮಗಳು ಹೊರಡುವಂತಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತ್ತು. ಇನ್ನೊಂದು ಮದುವೆಗೆ ಈ ರೀಡರು ತಂದರೆ ಕೇಳು ಎಂದು ನನಗೆ ನಾನೇ ಹೇಳಿಕೊಂಡೆ.

ಹುಡುಕಾಟ ಶುರುವಾಯಿತು. ನಾಲ್ಕೂ ಊರಿನ ಅಂಗಡಿಯವರು ಒಂದೇ ಮಾತು ಹೇಳಿದರು, ಇದೇ ಫಾಸ್ಟು. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ವೇಗ, ಕೆಳಗೆ ಇರುವೆ ಕಾಲಿನಂಥ ಅಕ್ಷರದಲ್ಲಿ ಇನ್ನೊಂದು. ನನ್ನ ಅನುಮಾನದ ಬುದ್ಧಿ ಆಗ ಉಪಯೋಗಕ್ಕೆ ಬಂತು. ನನ್ನದೇ ಕಾರ್ಡು ಹಾಕಿ, ನನ್ನೆದುರಿಗೇ ಕಾಪಿ ಮಾಡಿ ತೋರಿಸದೆ ಯಾವುದನ್ನೂ ಮುಟ್ಟುವುದಿಲ್ಲ ಎಂದು ಹಠ ಹಿಡಿದೆ. ಕೊರಟಗೆರೆಯ ಅಂಗಡಿಯವನೊಬ್ಬ, "ಮೇಡಂ, ಇದೇನು ಸೀರೆನಾ, ಮೈಮೇಲೆ ಹಾಕ್ಕೊಂಡು ನೋಡೋಕೆ?" ಎಂದು ರೇಗಿಸಿದ. ಅವನ ಹತ್ತಿರ ತೆಗೆದುಕೊಳ್ಳಲಿಲ್ಲ.

ಕೊನೆಗೆ ಸಿಕ್ಕಿದ್ದು ಪಾವಗಡದಲ್ಲಿ. ಅಲ್ಲಿನ ಫೋಟೋಗ್ರಾಫರ್ ಒಬ್ಬರು ನಮಗೆ ಹಳೇ ಪರಿಚಯ. ಬಾಯಿ ತೆರೆದರೆ ಅರ್ಧ ಕನ್ನಡ, ಅರ್ಧ ತೆಲುಗು. ಅವರ ಹತ್ತಿರ ಲೋಹದ ಮೈಯ, ಎರಡು ಕಾರ್ಡು ಒಟ್ಟಿಗೆ ಹಿಡಿಯುವ ರೀಡರು ಒಂದು ಹೆಚ್ಚಿಗೆ ಇತ್ತು. ಕಾರ್ಡು ಹಾಕಿದೆ. ಅವರ ಹೆಂಡತಿ ಕೊಟ್ಟ ಕಾಫಿ ಲೋಟದಲ್ಲಿ ಇನ್ನೂ ಹಬೆ ಇತ್ತು, ಕಾಪಿ ಮುಗಿದೇ ಹೋಗಿತ್ತು. ನನಗೆ ನಂಬಿಕೆಯೇ ಬರಲಿಲ್ಲ. ಅವರು ನಕ್ಕು, "ತಗೊಂಡೋಗಕ್ಕಾ. ನಿನ್ನತ್ರ ಹಳೇ ಕಾರ್ಡು ರೆಂಡು ಉನ್ನಾಯಿ ಕದಾ, ಅವು ಕೊಟ್ಟುಬುಡು ಸಾಕು," ಎಂದರು. ಅಂದರೆ ನನ್ನ ಎರಡು ಹಳೇ ಕಾರ್ಡಿಗೆ ಆ ರೀಡರು ಅದಲುಬದಲು.

ನನ್ನ ಕಾರ್ಡುಗಳಿಗೆಲ್ಲ ನಾನು ಉಗುರುಬಣ್ಣದ ಚುಕ್ಕಿ ಇಡುತ್ತೇನೆ, ಯಾವ ಮದುವೆ ಯಾವ ಕಾರ್ಡು ಎಂದು ಮರೆಯಬಾರದು ಎಂದು. ಅವರಿಗೆ ಕೊಟ್ಟದ್ದು ಕೆಂಪು ಚುಕ್ಕಿಯದು ಒಂದು, ಹಸಿರು ಚುಕ್ಕಿಯದು ಒಂದು. ಎರಡೂ ಖಾಲಿಯಿದ್ದವು. ಆದರೂ ನನ್ನ ಸ್ವಭಾವ, ಅವರೆದುರಿಗೇ ಇನ್ನೊಂದು ಸಲ ಖಾಲಿ ಮಾಡಿ ಕೈಗಿಟ್ಟೆ. ಬಸ್ಸಿನಲ್ಲಿ ರೀಡರನ್ನು ವ್ಯಾನಿಟಿ ಬ್ಯಾಗಿನೊಳಗೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ ಊರಿಗೆ ಬಂದೆ.

ಆಮೇಲೆ ಖಾಲಾ ಅವರ ಎರಡನೇ ಮಗಳ ಮದುವೆ ಬಂತು. ಮಧ್ಯಾಹ್ನ ನಿಕಾಹ್ ಆಯಿತು, ಊಟವಾಯಿತು. ಮದುಮಗಳನ್ನು ಕಳಿಸಿಕೊಡುವ ಮೊದಲು ಒಳಕೋಣೆಯಲ್ಲಿ ಅಕ್ಕ, ತಂಗಿ, ಅತ್ತೆ, ಚಿಕ್ಕಮ್ಮ ಎಲ್ಲರೂ ಅವಳನ್ನು ತಬ್ಬಿಕೊಂಡು ಅತ್ತರು. ಅಳು ಮುಗಿದ ಮೇಲೆ ಯಾಕೋ ಒಬ್ಬರನ್ನೊಬ್ಬರು ನೋಡಿ ನಕ್ಕರು. ತಲೆ ಬರಿದು, ಕಾಡಿಗೆ ಕೆನ್ನೆಗಿಳಿದು, ಬಾಯ್ತುಂಬ ನಗು. ನಾನು ಒಂದೇ ಸಮ ಕ್ಲಿಕ್ಕಿಸಿದೆ. ಅಷ್ಟು ಚೆನ್ನಾದ ಫೋಟೋ ನಾನು ಹಿಂದೆ ತೆಗೆದಿರಲಿಲ್ಲ. ಆಮೇಲೆ ಹೊಸ ರೀಡರು ಹೊರಗೆ ತೆಗೆದೆ, ಸ್ವಲ್ಪ ಜಂಬದಿಂದಲೇ. ಖಾಲಾ ಪಕ್ಕದಲ್ಲಿ ಕೂತು ತಸ್ಬೀಹ್ ಕೈಗೆ ತೆಗೆದುಕೊಂಡು ಮಣಿ ಎಣಿಸತೊಡಗಿದರು. ಒಂದು ಸುತ್ತು ಮುಗಿಯುವ ಮೊದಲೇ ಹಸಿರು ಪಟ್ಟಿ ತುಂಬಿತು.

"ಇಷ್ಟು ಜಲ್ದಿ ಆಗೋಯ್ತಾ?"

"ಆಯ್ತು ಖಾಲಾ. ನೋಡಿ, ಅಲ್ಲೆಷ್ಟಿದೆಯೋ ಇಲ್ಲೂ ಅಷ್ಟೇ ಇದೆ."

ಲೆಕ್ಕ ಸರಿಯಾಗಿತ್ತು. ಮೊದಲಿನ ಹತ್ತು ಫೋಟೋ ತೆರೆದು ತೋರಿಸಿದೆ. ಗ್ಯಾಸ್ ಮೂರು ಸಲ ನೋಡುವವಳು, ಬೀಗ ಮೂರು ಸಲ ಜಗ್ಗುವವಳು, ಆವತ್ತು ಮೊದಲಿನ ಹತ್ತಕ್ಕೇ ನಿಲ್ಲಿಸಿದೆ. ಬೇಗ ಮುಗಿಸಿದೆ ಎನ್ನಿಸಿಕೊಳ್ಳುವ ಆಸೆ. ರೀಡರನ್ನು ಎತ್ತಿದರೆ ಆಗತಾನೇ ಇಳಿಸಿದ ಕಾವಲಿ ಮುಟ್ಟಿದ ಹಾಗಾಯಿತು. ವೇಗ ಇದ್ದ ಮೇಲೆ ಬಿಸಿ ಇರುತ್ತದೆ ಎಂದುಕೊಂಡೆ. ಖಾಲಾ ಎದುರಿಗೆ ಕಾರ್ಡು ಖಾಲಿ ಮಾಡಿ, ಕ್ಯಾಮೆರಾ ಪರದೆಯನ್ನು ಅವರ ಕಡೆ ತಿರುಗಿಸಿದೆ. ಅವರು ಕೆನ್ನೆ ತಟ್ಟಿದರು.

ಮಾರನೇ ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಖಾಲಾ ಫೋನು. "ಬೇಟಿ, ನಾಷ್ಟಾ ಆಯ್ತಾ?" ಎಂದು ಶುರು ಮಾಡಿ, ಮೆಲ್ಲಗೆ ಹೇಳಿದರು. "ಅರ್ಧದಿಂದ ಆಚೆಗೆ ಫೋಟೋನೇ ಇಲ್ಲ ಬೇಟಿ. ಬೂದಿ ಬೂದಿ ಬರ್ತೈತೆ. ರುಖ್ಸತಿದು ಒಂದೂ ತೆರೀತಿಲ್ಲ. ನಮ್ಮ ಕಂಪ್ಯೂಟರ್ದೇ ಏನಾರ ಮಿಷ್ಟೇಕಾ ನೋಡ್ತೀಯಾ?"

ತಪ್ಪು ತಮ್ಮದೇ ಇರಬಹುದು ಎಂದು ಅವರು ಹೇಳಿದ್ದೇ ನನಗೆ ಹೆಚ್ಚು ಹೆದರಿಕೆ ತಂದಿತು. ಮಗಳನ್ನು ಕಳಿಸಿಕೊಟ್ಟ ಹೊತ್ತಿನದು ಒಂದೂ ಇಲ್ಲ. ಅವರ ಡಿಸ್ಕಿನಲ್ಲಿಲ್ಲ, ನನ್ನ ಲ್ಯಾಪ್‌ಟಾಪಿನಲ್ಲಿ ಇರುವಂತಿಲ್ಲ, ಕಾರ್ಡನ್ನು ನಾನೇ ಖಾಲಿ ಮಾಡಿದ್ದೇನೆ. ಒಲೆ ಆರಿಸಿ ನೆಲದ ಮೇಲೆ ಕೂತುಬಿಟ್ಟೆ.

ನನ್ನ ಗಂಡ ಬಂದು ವಿಷಯ ಕೇಳಿ, "ಅಳ್ತಾ ಕುಂತ್ರೆ ಬಂದ್ಬುಡ್ತಾವಾ? ತುಮಕೂರಾಗೆ ಅಳಿಸಿದ್ದು ತೆಗೆದುಕೊಡೋ ಅಂಗಡಿ ಐತೆ, ಕೊಡು, ಹೋಗ್ಬುಟ್ಟು ಬತ್ತೀನಿ," ಎಂದರು.

"ಅಲ್ಲಿ ಕುಂತಿರೋರು ಗಂಡಸ್ರು. ಈ ಫೋಟೋ ಅವರಿಗೆ ತೋರ್ಸೋಕಾಗುತ್ತಾ?"

ಅವರು ನನ್ನನ್ನು ಸ್ಟುಡಿಯೋಗೆ ಕರೆದೊಯ್ದರು. ಅಳಿಸಿದ ಫೋಟೋಗಳನ್ನು ಮರಳಿ ತರುವ ತಂತ್ರಾಂಶ ಒಂದನ್ನು ಇಳಿಸಿಕೊಟ್ಟು, ನಾನು ಹೇಳುವ ಮೊದಲೇ ಹೊರಗೆ ಹೋಗಿ ಸ್ಟುಡಿಯೋದ ಬಾಗಿಲು ಎಳೆದುಕೊಂಡರು. ನಾನು ಒಳಗಿನಿಂದ ಚಿಲಕ ಹಾಕಿದೆ. ಲೋಹದ ರೀಡರನ್ನು ಮುಟ್ಟಲು ಕೈ ಬರಲಿಲ್ಲ. ಡ್ರಾಯರಿನ ಮೂಲೆಯಿಂದ ಆ ನೀಲಿ ರೀಡರನ್ನೇ ಹುಡುಕಿ, ಧೂಳು ಊದಿ, ಮದುವೆಯ ಕಾರ್ಡು ಹಾಕಿ ಚುಚ್ಚಿದೆ. ಅದು ತನ್ನ ಎಂದಿನ ನಡಿಗೆಯಲ್ಲೇ ಹೊರಟಿತು. ನಾನು ಮನೆದೇವರಿಗೆ ಕೈಮುಗಿದು, ಅದು ಸಾಲದೆನ್ನಿಸಿ ಖಾಲಾ ಹೇಳುವ ಹಾಗೆ ಯಾ ಅಲ್ಲಾ ಎಂದೂ ಹೇಳಿದೆ.

ಬಿಸಿಲು ಕಿಟಕಿಯ ಒಂದು ಸರಳಿನಿಂದ ಇನ್ನೊಂದಕ್ಕೆ ಸರಿಯುವಷ್ಟು ಹೊತ್ತಾದ ಮೇಲೆ ಚಿಕ್ಕ ಚಿಕ್ಕ ಚಿತ್ರಗಳು ಒಂದೊಂದಾಗಿ ಏಳತೊಡಗಿದವು. ನಿಕಾಹ್ ಬಂತು. ಊಟ ಬಂತು. ಒಳಕೋಣೆಯ ಅಳು ಬಂತು, ಆಮೇಲೆ ಆ ನಗು. ಒಂದೂ ಕೆಟ್ಟಿರಲಿಲ್ಲ. ಹೋದ ಜೀವ ಬಂತು. ಎದ್ದು ಗಂಡನನ್ನು ಕೂಗಬೇಕು ಎನ್ನುವಷ್ಟರಲ್ಲಿ ಕಣ್ಣು ಮತ್ತೆ ಪರದೆಗೆ ಹೋಯಿತು. ಚಿತ್ರಗಳು ನಿಂತಿರಲಿಲ್ಲ, ಇನ್ನೂ ಬರುತ್ತಲೇ ಇದ್ದವು.

ಆದರೆ ಬರುತ್ತಿದ್ದವರು ಈ ಮದುವೆಯವರಲ್ಲ. ಮೆಹಂದಿ ಒಣಗಲೆಂದು ಎರಡೂ ಕೈ ಎತ್ತಿ ಹಿಡಿದು, ಅಕ್ಕನ ಕೈಯಿಂದ ತುತ್ತು ತಿನ್ನುತ್ತಿದ್ದ ಹುಡುಗಿ. ಅದು ಕೊರಟಗೆರೆಯ ಮದುವೆ, ಹೋದ ವರ್ಷದ್ದು. ಕನ್ನಡಿ ಮುಂದೆ ಕೂದಲು ಬಿಚ್ಚಿಕೊಂಡು ಕೂತ ಇನ್ನೊಬ್ಬಳು, ಅದು ಇನ್ನೂ ಹಿಂದಿನದು. ಮಗುವಿಗೆ ಹಾಲು ಕೊಡುತ್ತಾ ತಲೆಯೆತ್ತಿ ನನ್ನನ್ನು ನೋಡಿ ನಕ್ಕ ತಾಯಿ. ಇವರೆಲ್ಲರ ಅಮ್ಮಂದಿರ ಎದುರಿಗೆ ನಾನು ಈ ಕಾರ್ಡು ಖಾಲಿ ಮಾಡಿದ್ದೆ. ಪರದೆ ತಿರುಗಿಸಿ, ನೋಡಿ, ಒಂದೂ ಇಲ್ಲ ಎಂದಿದ್ದೆ.

ಖಾಲಿ ಮಾಡುವುದೆಂದರೆ ಬಾಗಿಲ ಮೇಲಿನ ಹೆಸರಿನ ಹಲಗೆ ಕಿತ್ತ ಹಾಗೆ ಅಷ್ಟೇ. ಅವರ ಜಾಗಕ್ಕೆ ಹೊಸಬರು ಬಂದು ಕೂರುವವರೆಗೂ ಒಳಗಿದ್ದವರು ಒಳಗೇ ಇರುತ್ತಾರೆ. ನನಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಹೇಳಿದ್ದು ಸುಳ್ಳಾಯಿತು. ಹೆದರಿಕೆ ಎಂದರೆ ಏನು ಎಂದು ನನಗೆ ಮೊದಲಿಂದ ಗೊತ್ತು ಎಂದುಕೊಂಡಿದ್ದೆ. ಆದರೆ ಕೆಂಪು ಚುಕ್ಕಿ, ಹಸಿರು ಚುಕ್ಕಿ ನೆನಪಾದಾಗ ಆದದ್ದೇ ಬೇರೆ. ಆ ಎರಡು ಕಾರ್ಡುಗಳನ್ನು ನಾನು ನಗುನಗುತ್ತಾ ಬೇರೆಯವರ ಕೈಗಿಟ್ಟು ಬಂದಿದ್ದೆ.

ಪಾವಗಡದ ಆ ಫೋಟೋಗ್ರಾಫರಿಗೆ ಫೋನ್ ಮಾಡಿದರೆ ಅವರು ಎತ್ತಲಿಲ್ಲ. ಕಾಯುವ ತಾಳ್ಮೆ ಇರಲಿಲ್ಲ, ಸಿಕ್ಕಿದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಯಾರಾದರೂ ಮೊಬೈಲ್ ನೋಡಿ ನಕ್ಕರೆ ನನ್ನ ಕತ್ತು ಅತ್ತ ತಿರುಗುತ್ತಿತ್ತು. ಏನು ನೋಡುತ್ತಿದ್ದಾರೆ ಎಂದು ಬಗ್ಗಿ ನೋಡಿದೆ. ಎದುರಿನ ಸೀಟಿನವನು ಫೋನನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ದುರುಗುಟ್ಟಿದ. ಅವನು ನೋಡುತ್ತಿದ್ದದ್ದು ಯಾವುದೋ ಟ್ರ್ಯಾಕ್ಟರಿನ ವಿಡಿಯೋ.

ಪಾವಗಡದಲ್ಲಿ ಅವರು ಸ್ಟುಡಿಯೋದಲ್ಲೇ ಇದ್ದರು. ನಾನು ವಿಷಯ ಬಿಡಿಸಿ ಹೇಳಲಿಲ್ಲ, ಕಾರ್ಡುಗಳು ವಾಪಸ್ ಬೇಕು, ರೀಡರು ನೀವೇ ಇಟ್ಟುಕೊಳ್ಳಿ ಎಂದೆ. ನನ್ನ ಮುಖ ನೋಡಿ ಅವರು ಹೆಚ್ಚು ಕೇಳಲಿಲ್ಲ. ಮೇಜಿನ ಖಾನೆಯಿಂದ ಒಂದನ್ನು ತೆಗೆದುಕೊಟ್ಟರು. ಹಸಿರು ಚುಕ್ಕಿಯದು, ಮುಟ್ಟಿಯೂ ಇರಲಿಲ್ಲ.

"ಕೆಂಪು ಚುಕ್ಕೀದು?"

"ಅದು ಮಡಕಶಿರಾ ಕಡೆ ನಮ್ಮೋನು ಒಬ್ಬ, ಮದುವೆಗೆ ಅರ್ಜೆಂಟು ಅಂತ ತಗೊಂಡೋದ ಅಕ್ಕಾ. ಉಂಡು, ವಸಿ ಇರು, ಕೇಳ್ತೀನಿ." ಅವರು ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಆ ಕಡೆಯಿಂದ ಒಂದು ಆರಾಮದ ದನಿ, "ಆ ಕಾರ್ಡಾ ಅನ್ನಾ, ಯಾಡೋ ಪಡಿಪೋಯಿಂದಿ," ಎಂದಿತು. ಎಲ್ಲೋ ಬಿದ್ದುಹೋಯಿತು ಎಂದು.

ಎಲ್ಲಿ ಎಂದು ಕೇಳಿಸಿದೆ. ಬ್ಯಾಗಿನಿಂದ ಬಿತ್ತೋ, ಮದುವೆ ಮನೆಯಲ್ಲಿ ಬಿತ್ತೋ, ಅವನಿಗೆ ಗೊತ್ತಿಲ್ಲ. ಬಿದ್ದದ್ದು ಅವನು ಅದರಲ್ಲಿ ಫೋಟೋ ತೆಗೆಯುವ ಮೊದಲೋ ಆಮೇಲೋ ಎಂದು ಕೇಳಿಸಿದೆ. ಮೊದಲೇ ಇರಬೇಕು ಎಂದ. ಹಾಗಾದರೆ ಅದರೊಳಗಿನದು ಹಾಗೇ ಇದೆ. ಕೆಂಪು ಚುಕ್ಕಿಯದನ್ನು ನಾನು ಕೊನೆಗೆ ಯಾವ ಮದುವೆಗೆ ಬಳಸಿದ್ದು ಎಂದು ಪುಸ್ತಕ ನೋಡಿ ತಿಳಿಯಬೇಕಾಗಿರಲಿಲ್ಲ. ಖಾಲಾ ಅವರ ದೊಡ್ಡ ಮಗಳದು.

ಹಸಿರು ಚುಕ್ಕಿಯ ಕಾರ್ಡನ್ನು ಮನೆಗೆ ತಂದು ಒರಳುಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಜಜ್ಜಿದೆ. ಗಂಡ ನೋಡುತ್ತಾ ನಿಂತಿದ್ದರು.

"ಇನ್ನೊಂದು ಮಣ್ಣಾಗೋ ಚರಂಡಿಯಾಗೋ ಬಿದ್ದೈತೆ. ಯಾರ್ಗೂ ಗೊತ್ತಾಗಲ್ಲ ಕಣೇ. ನೀನು ಬಾಯ್ಬುಡಬ್ಯಾಡ. ಫೋಟೋ ಬಂದೈತಲ್ಲ, ಕೊಟ್ಬುಟ್ಟು ಬಾ."

ನನಗೂ ಬಾಯಿ ಬಿಡುವ ಮನಸ್ಸಿರಲಿಲ್ಲ. ಸುಳ್ಳು ಹೇಳುವುದಿಲ್ಲ, ಹೇಳದೆ ಸುಮ್ಮನಿರುತ್ತೇನೆ ಅಷ್ಟೇ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ. ಖಾಲಾಗೆ ಗೊತ್ತಾದರೆ ಅವರ ಕಣ್ಣಿನಲ್ಲಿ ನಾನು ಏನಾಗುತ್ತೇನೆ ಎನ್ನುವುದನ್ನು ನೆನೆಸಿಕೊಳ್ಳಲೂ ಭಯವಾಗುತ್ತಿತ್ತು. ಮರಳಿ ಸಿಕ್ಕ ಫೋಟೋಗಳನ್ನು ಒಂದೂ ಬಿಡದೆ ತೆರೆದು ನೋಡಿ, ಪೆನ್‌ಡ್ರೈವಿಗೆ ಹಾಕಿಕೊಂಡು, ಮಾರನೇ ದಿನ ಸಿರಾಕ್ಕೆ ಹೋದೆ.

ಖಾಲಾ ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದರು. ತಲೆ ತೊಳೆದುಕೊಂಡಿದ್ದರು, ಒದ್ದೆ ಕೂದಲು ಬೆನ್ನಿನ ಮೇಲೆ ಹರಡಿತ್ತು. ಕಂಪ್ಯೂಟರಿಗೆ ಹಾಕಿ ತೋರಿಸಿದೆ. ಆ ಅಳು, ಆ ನಗು ನೋಡುತ್ತಾ ಖಾಲಾ ಬಾಯಿಗೆ ಕೈಯಿಟ್ಟುಕೊಂಡು ಮತ್ತೆ ಅತ್ತರು, ಮತ್ತೆ ನಕ್ಕರು. ಬಟ್ಟಲಿನ ತುಂಬ, ಮದುವೆಯದು ಉಳಿದ ಶೀರ್ ಖುರ್ಮಾ ಪಾಯಸ ತಂದಿಟ್ಟು, ತಿನ್ನು ಎಂದರು. "ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ ಬೇಟಿ. ನೀನು ತಂದುಕೊಟ್ಟೆ. ಅಲ್ಲಾ ನಿನ್ನ ಚೆನ್ನಾಗಿಟ್ಟಿರಲಿ."

ಒಂದು ಚಮಚ ಬಾಯಿಗಿಟ್ಟೆ. ಇನ್ನೇನು ಎದ್ದು ಹೊರಡಬೇಕು, ಬಚಾವಾದೆ ಎಂದುಕೊಂಡೆ. ಖಾಲಾ ಪರದೆಯ ಮೇಲಿನ ಮಗಳ ಮುಖ ನೋಡುತ್ತಲೇ ಇದ್ದರು. ಆಮೇಲೆ, ಮಕ್ಕಳು ಕೇಳುವಷ್ಟು ಸರಳವಾಗಿ ಕೇಳಿದರು.

"ಬೇಟಿ, ನೀನು ನನ್ನ ಮುಂದೇನೇ ಎಲ್ಲಾ ಅಳಿಸಿದ್ಯಲ್ಲ. ಮತ್ತೆ ಇವು ಎಲ್ಲಿಂದ ಬಂದ್ವು?"

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಏನಾದರೂ ಕಟ್ಟಿ ಹೇಳಬಹುದಿತ್ತು, ಅವರು ನಂಬುತ್ತಿದ್ದರು. ನಂಬುತ್ತಾರೆ ಎನ್ನುವುದರಿಂದಲೇ ಆಗಲಿಲ್ಲ. ಚಮಚ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಅಳಿಸಿದ್ದು ಅಳಿಯುವುದಿಲ್ಲ ಎಂದು ನನಗೂ ನಿನ್ನೆಯೇ ಗೊತ್ತಾದದ್ದು ಎಂದೆ. ರೀಡರಿಗೆ ಅದಲುಬದಲಾಗಿ ಎರಡು ಕಾರ್ಡು ಕೊಟ್ಟದ್ದು, ಒಂದು ಸಿಕ್ಕದ್ದು, ಒಂದು ಗಡಿಯಾಚೆ ಎಲ್ಲೋ ಬಿದ್ದುಹೋದದ್ದು ಹೇಳಿದೆ.

ಖಾಲಾ ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿದುಕೊಳ್ಳಬಹುದಿತ್ತು.

"ಬಿದ್ದೋಗಿರೋದು ಯಾರದು?"

"ನಿಮ್ಮ ದೊಡ್ಡ ಮಗಳದು, ಖಾಲಾ."

ಹೊರಗೆ ಯಾರೋ ಪಾತ್ರೆ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ಖಾಲಾ ಮಗಳ ಫೋಟೋ ಇದ್ದ ಪರದೆಯನ್ನು ಆರಿಸಿದರು. ಆಮೇಲೆ ಕುರ್ಚಿಯ ಮೇಲಿದ್ದ ದುಪಟ್ಟಾ ತೆಗೆದುಕೊಂಡು, ಒದ್ದೆ ಕೂದಲಿನ ಮೇಲೆ ನಿಧಾನವಾಗಿ ಹೊದ್ದು, ಹಣೆಯವರೆಗೆ ಎಳೆದು, ಗಲ್ಲದ ಕೆಳಗೆ ಸರಿಮಾಡಿಕೊಂಡರು. ಖಾಲಾ ಬಿಟ್ಟರೆ ಆ ಕೋಣೆಯಲ್ಲಿ ಇದ್ದದ್ದು ನಾನೊಬ್ಬಳೇ.